ಸೋತವರಿಗೆ ಬುತ್ತಿ

ಬಿನ್ ಅಂಕಲ್ ಕಾರು ಹತ್ತಿದ ಕೂಡಲೇ ಮೊದಲು ಬಲಗಾಲಿನ ಶೂ ಬಿಚ್ಚುತ್ತಿದ್ದರು. ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಬೂದು ಕಾಲ್ಚೀಲದ ಆ ಪಾದ ಹೊಂಚು ಹಾಕಿದ ಬೆಕ್ಕಿನ ಹಾಗೆ ಅದರ ಮೇಲೆ ಕೂತಿರುತ್ತಿತ್ತು. "ಶೂ ಹಾಕಿದ ಕಾಲಿಗೆ ಅಪಾಯ ತಡವಾಗಿ ತಿಳಿಯುತ್ತೆ" ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಬಗ್ಗಿ ನಿಧಾನವಾಗಿ ಲೇಸ್ ಕಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ ಆ ದಿನದ ತೀರ್ಪು ಹೇಳುತ್ತಿದ್ದರು. ಅವರು ಎಷ್ಟು ಸಲ ಬ್ರೇಕ್ ಒತ್ತಿದರೆಂದು ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಮಾರ್ಚ್ ನಾಲ್ಕು, ಮೊದಲ ಪಾಠ: ಹನ್ನೊಂದು ಸಲ.

ಅವರು ವಿಯೆಟ್ನಾಮಿನ ಥಾನ್ ಹ್ವಾ ಸೀಮೆಯವರು. ಅಮೆರಿಕದ ಎಡಿಸನ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿದವರು. ಅವರ ತುಂಡು ತುಂಡು ಇಂಗ್ಲಿಷ್ ನನ್ನ ದಿನಚರಿಯಲ್ಲಿ ಕನ್ನಡವಾಗಿ ಇಳಿದಿದೆ. ಅವರು ಸೂರ್ಯಕಾಂತಿ ಬೀಜ ಕಡಿಯುತ್ತ ಹೇಳುತ್ತಿದ್ದ ಕಥೆಗಳಿಗೆಲ್ಲ ಒಬ್ಬನೇ ನಾಯಕ, ಲೇ ಲೋಯ್. ಆರುನೂರು ವರ್ಷಗಳ ಹಿಂದೆ ಚೀನಾ ಚಕ್ರವರ್ತಿಯ ಆಳ್ವಿಕೆಯ ವಿರುದ್ಧ ದಂಗೆಯೆದ್ದು, ಕೊನೆಗೆ ತಾನೇ ರಾಜನಾದ ಅವರ ಸೀಮೆಯ ಜಮೀನ್ದಾರ ಅವನು. ಅಂಕಲ್ ಅವನ ಬಗ್ಗೆ ಪಕ್ಕದ ಬೀದಿಯ ಸೋದರಮಾವನೋ ಎಂಬಂತೆ ಮಾತಾಡುತ್ತಿದ್ದರು. ನಾನು ಹೈವೇ ಸೇರುವ ಕಡೆ ಹೆದರಿ ನಿಂತುಬಿಟ್ಟ ದಿನ ಅವರು ಬೈಯಲಿಲ್ಲ. ಲೇ ಲೋಯ್ ಕೂಡ ಎಷ್ಟೋ ಸಲ ಬೆಟ್ಟಕ್ಕೆ ಓಡಿಹೋದವನೇ, ಹಸಿವಿಗೆ ತನ್ನ ಕುದುರೆಯನ್ನೇ ಕೊಂದು ಸೈನಿಕರಿಗೆ ಉಣಿಸಿದವನು ಎಂದರು. "ಓಡಿದ್ದು ತಪ್ಪಲ್ಲ. ಬೆಟ್ಟದಲ್ಲೇ ಮನೆ ಕಟ್ಟಿದರೆ ತಪ್ಪು."

ನನಗೆ ಬೆಟ್ಟದಲ್ಲಿ ಕೂರುವಷ್ಟು ಸಮಯವೂ ಇರಲಿಲ್ಲ. ಅವ್ವನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಕರೆದೊಯ್ಯುತ್ತಿದ್ದವರು ಅಪ್ಪ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು, ಗಾಡಿ ಹೊಡೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಧಾರವಾಡದಲ್ಲಿ ಹದಿನೆಂಟಕ್ಕೇ ಸ್ಟೇರಿಂಗ್ ಹಿಡಿದ ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ನನ್ನ ಕಣ್ಣು ನನಗ ಗೊತ್ತೈತಿ. ನಾ ಇರೋತನಕ ನಿಮ್ಮವ್ವನ್ನ ನಾನ ಕರಕೊಂಡು ಹೋಗಾಂವ."

ಏಪ್ರಿಲ್‌ನಲ್ಲೊಂದು ದಿನ ಕಾಲೇಜಿಗೆ ರಜೆಯಿತ್ತು. ನಾನೂ ಅವರ ಜೊತೆ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಅವ್ವ ಏನೋ ಗೊಣಗುತ್ತಿದ್ದಳು. ಜಪವೆಂದುಕೊಂಡೆ. ಕಿವಿಗೊಟ್ಟರೆ, "ಕೆಂಪು ಐತಿ... ಇನ್ನೂ ಕೆಂಪು... ಹಸರು ಆತು, ನಡೀರಿ" ಎನ್ನುತ್ತಿದ್ದಳು. ಸಿಗ್ನಲ್ ನೋಡುತ್ತಿದ್ದವಳು ಅವ್ವ, ಗಾಡಿ ಹೊಡೆಯುತ್ತಿದ್ದವರು ಅಪ್ಪ. ಎಷ್ಟು ತಿಂಗಳಿಂದ ಹೀಗಿತ್ತೋ. ವಾಪಸ್ ಬರುವಾಗ ಅವ್ವ ಸುಸ್ತಾಗಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಮುಂದೆ ಕೆಂಪು ದೀಪ. ಕಾರಿನ ವೇಗ ತಗ್ಗಲಿಲ್ಲ.

"ಅಪ್ಪಾ, ರೆಡ್!"

ಕಾರು ಅಡ್ಡರಸ್ತೆಯೊಳಗೆ ಮೂತಿ ಚಾಚಿ ನಿಂತಿತು. ಮೂತಿಯ ಮುಂದೆ ಒಂದು ಗೇಣು ಬಿಟ್ಟು ಬಸ್ಸು ಹಾದುಹೋಯಿತು.

ಆ ಶನಿವಾರ ರೂಟ್ ಒನ್ ಹೆದ್ದಾರಿಯಲ್ಲಿ ಟ್ರಕ್ಕೊಂದು ನನ್ನ ಬೆನ್ನಿಗೆ ಬಿತ್ತು. ಒಂದೇ ಸಮನೆ ಹಾರ್ನ್. ಒಳಗಿದ್ದ ಸಿಟ್ಟೆಲ್ಲ ನನ್ನ ಕಾಲಿಗಿಳಿಯಿತು. ಅದು ಪಕ್ಕದ ಲೇನಿಗೆ ಬಂದು ಮುಂದೆ ಹೋಗಲು ನೋಡಿದಾಗ ನಾನೂ ಆಕ್ಸಿಲರೇಟರ್ ಒತ್ತಿದೆ. ಅಂಕಲ್ ಕೂಗಲಿಲ್ಲ. ಆ ಬೂದು ಕಾಲ್ಚೀಲ ಮೆಲ್ಲಗೆ ಬ್ರೇಕ್ ಒತ್ತಿತು. ಟ್ರಕ್ಕು ಗುಡುಗುತ್ತ ಹೋಯಿತು. ಮುಂದಿನ ಅಂಗಡಿಸಾಲಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದೆ.

"ಗೆದ್ದೆಯಾ?" ಎಂದರು. ನಾನು ಎಂಜಿನ್ ಆರಿಸಿದೆ.

"ಕೊನೆಗೆ ಚೀನೀ ಸೈನ್ಯ ಕೋಟೆಯೊಳಗೆ ಸಿಕ್ಕಿಬಿತ್ತು. ಎಲ್ಲರನ್ನೂ ಕೊಲ್ಲೋಣ ಅಂದರು ಲೇ ಲೋಯ್‌ನ ಜನ. ಅವರ ಅಣ್ಣತಮ್ಮಂದಿರು ಸತ್ತಿದ್ದರು, ಕೇಳಿದ್ದು ತಪ್ಪಲ್ಲ. ಅವನು ಸೋತವರಿಗೆ ದೋಣಿ ಕೊಟ್ಟ, ಕುದುರೆ ಕೊಟ್ಟ, ದಾರಿಗೆ ಬುತ್ತಿ ಕೊಟ್ಟ. ಮನೆಗೆ ಹೋಗಿ ಅಂದ. ಮಾನ ಉಳಿದವನು ತಿರುಗಿ ಜಗಳಕ್ಕೆ ಬರಲ್ಲ."

"ಟ್ರಕ್ಕಿಗೂ ಬುತ್ತಿ ಕಟ್ಟಬೇಕಾ ಅಂಕಲ್?"

"ಟ್ರಕ್ಕಿಗೆ ಒಂದು ಲೇನ್ ಸಾಕು" ಎಂದು ಲೇಸ್ ಕಟ್ಟಿಕೊಂಡರು.

ಮೇ ಹತ್ತೊಂಬತ್ತಕ್ಕೆ ಟೆಸ್ಟ್ ಪಾಸಾಯಿತು. ಮನೆಯಲ್ಲಿ ಅಪ್ಪ ಪೇಢೆ ತಿಂದರು, ಆದರೆ ಕೀ ಕೊಡಲಿಲ್ಲ. ರಾತ್ರಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು. ಸೋಮವಾರ ಮತ್ತೆ ಡಯಾಲಿಸಿಸ್. ಕೀ ಕದ್ದು ಬಚ್ಚಿಡುವುದೆಂದು ನಾನೂ ಅವ್ವನೂ ಮಾತಾಡಿಕೊಂಡೆವು. ಫೋನಿನಲ್ಲಿ ಅಂಕಲ್‌ಗೆ ಅದನ್ನೇ ಹೇಳಿದೆ. ಅವರು ಬಹಳ ಹೊತ್ತು ಬೀಜ ಕಡಿದು, ಅವತ್ತು ನಮ್ಮಪ್ಪ ಎಷ್ಟು ಗಂಟೆಗೆ ಹೊರಡುತ್ತಾರೆ ಎಂದಷ್ಟೇ ಕೇಳಿದರು.

ಸೋಮವಾರ ನಾವು ಕೆಳಗಿಳಿದಾಗ ಅವರು ನಮ್ಮ ಕಾರಿನ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲೊಂದು ಪುಟ್ಟ ಕನ್ನಡಿ. ಪಕ್ಕದಲ್ಲಿ ಕೂತು ಕಲಿಸುವವರು ಹಿಂದಿನ ರಸ್ತೆ ನೋಡಲು ಗಾಜಿಗೆ ಅಂಟಿಸಿಕೊಳ್ಳುವ ಕನ್ನಡಿ ಅದು. ಅಪ್ಪ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

"ಸರ್, ಟೆಸ್ಟ್ ಪಾಸ್ ಮಾಡಿಸೋದಷ್ಟೇ ನನಗೆ ಗೊತ್ತು" ಎಂದರು ಅಂಕಲ್. "ಮಳೆ, ಹಿಮ, ಪಕ್ಕದಲ್ಲಿ ಕಾಯಿಲೆಯ ಹೆಂಡತಿ. ಅದನ್ನೆಲ್ಲ ನಾನು ಕಲಿಸಿಲ್ಲ. ಇನ್ನು ಮುಂದೆ ಮೇಷ್ಟ್ರು ನೀವು." ಎರಡೂ ಕೈಯಲ್ಲಿ ಕನ್ನಡಿ ಚಾಚಿದರು.

ಅಪ್ಪ ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೀದಾ ಡ್ರೈವರ್ ಬಾಗಿಲಿಗೆ ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟರು. ಅವ್ವ ನನ್ನ ಮೊಣಕೈ ಹಿಡಿದಳು. ಅಂಕಲ್ ಕದಲಲಿಲ್ಲ, ಎಲ್ಲೋ ಮರ ನೋಡುತ್ತಿದ್ದರು. ಅಪ್ಪ ಹಾಗೆಯೇ ನಿಂತಿದ್ದರು. ಕೊನೆಗೆ ಕೀಯನ್ನು ಬಾನೆಟ್ಟಿನ ಮೇಲಿಟ್ಟು, ಕಾರನ್ನು ಮುಂದಿನಿಂದ ಸುತ್ತಿ ಬಂದು ಆಚೆ ಬದಿಯಲ್ಲಿ ಕೂತರು. ಕನ್ನಡಿ ಅಂಟಿಸಿಕೊಂಡರು.

"ಬೆಲ್ಟ್ ಹಾಕ್ಕೊಂಡಿಯೇನು?" ಎಂದು ಸ್ಟೇರಿಂಗ್ ಮುಂದೆ ಕೂತ ನನ್ನನ್ನು ಗದರಿದರು. "ದೀಪ ಬಂದಲ್ಲೆಲ್ಲ ಬಣ್ಣ ಬಾಯಿಬಿಟ್ಟು ಹೇಳಬೇಕು. ನಾ ನಡಿ ಅಂದ ಮ್ಯಾಲೆ ನಡೀಬೇಕು."

ಹಾಗೆಯೇ ನಡೆದುಬಂದಿದೆ. ನಾನು ಬಣ್ಣ ಹೇಳುತ್ತೇನೆ, ಅಪ್ಪ ಅಪ್ಪಣೆ ಕೊಡುತ್ತಾರೆ, ಅವ್ವ ಹಿಂದೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ.

ಅಕ್ಟೋಬರ್‌ನಲ್ಲಿ ಬಿನ್ ಅಂಕಲ್ ಟೆಕ್ಸಸ್‌ನ ಮಗಳ ಮನೆಗೆ ಹೊರಟರು. ನೆವಾರ್ಕ್ ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟುಬರುತ್ತೇವೆಂದು ಅಪ್ಪ ಹಟ ಹಿಡಿದರು. ಅವ್ವ ಅವರ ಕೈಗೆ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಕೊಟ್ಟಳು. ನಾನು ಓಡಿಸುವಾಗ ಅಂಕಲ್ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮಳೆ ಸುರಿಯುತ್ತಿತ್ತು, ಟರ್ನ್‌ಪೈಕ್ ಹೆದ್ದಾರಿಯ ತುಂಬ ಟ್ರಕ್ಕುಗಳು. ಒಂದು ಟ್ರಕ್ಕು ಬೆನ್ನಿಗೇ ಬಂತು. ನಾನು ಲೇನ್ ಬಿಟ್ಟುಕೊಟ್ಟೆ. ಹಿಂದಿನಿಂದ ಯಾವ ಮಾತೂ ಬರಲಿಲ್ಲ.

"ಏನ ಮಾಡಾಕತ್ತಾನವಾ ನಿಮ್ಮ ಮಾಸ್ತರ?" ಅಪ್ಪ ತಮ್ಮ ಕನ್ನಡಿಯನ್ನು ಸುಮ್ಮನೆ ಆಚೀಚೆ ತಿರುಗಿಸುತ್ತ ಕೇಳಿದರು.

"ನಿದ್ದಿ ಹತ್ತೈತಿ ಅಪ್ಪಾ."

ನಿಲ್ದಾಣದಲ್ಲಿ ಬಾಗಿಲು ತೆರೆದು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ಬುತ್ತಿಯ ಗಂಟನ್ನು ಎದೆಗವಚಿಕೊಂಡರು. ಬಗ್ಗಿ ಲೇಸ್ ಕಟ್ಟಿಕೊಳ್ಳಲೆಂದು ನಾನು ಕಾಯುತ್ತ ನಿಂತೆ.

ಅವರು ಬಗ್ಗಲಿಲ್ಲ. ಎರಡೂ ಕಾಲಲ್ಲಿ ಶೂ ಇತ್ತು, ಈ ಸಲ ಬಿಚ್ಚಿರಲೇ ಇಲ್ಲ. ಹಾಗೆಯೇ ಇಳಿದು ಹೋದರು.