ತಲೆ ಎತ್ತಿದ ಕುರಿಗಳು

ದೇವಸಮುದ್ರದಲ್ಲಿ ಕುರಿ ಕಾಯುವ ಪಾತಣ್ಣ ಇಷ್ಟಪಟ್ಟು ಓದಿದ್ದು ಒಂದೇ ಪುಸ್ತಕ. ಆಕಾಶದಿಂದ ಹಡಗೊಂದು ಇಳಿದುಬಂದು ಊರುಗಳನ್ನೇ ಹೊತ್ತೊಯ್ಯುವ ಚಿತ್ರಕಥೆ ಅದು. ಮೂವತ್ತು ವರ್ಷದಿಂದ ಅವನ ಕಂಬಳಿಯ ಮಡಿಕೆಯಲ್ಲೇ ಇದೆ. ಅದರಲ್ಲಿ ಅವನು ಒಪ್ಪದ ಚಿತ್ರವೂ ಒಂದೇ. ಹಡಗು ಬರುವ ಮುನ್ನ, ಉರಿಬಿಸಿಲಿನ ಮಧ್ಯಾಹ್ನ, ಕುರಿಗಳೆಲ್ಲ ತಲೆಯೆತ್ತಿ ಆಕಾಶ ನೋಡುತ್ತವೆ. ಅಂಥ ಬಿಸಿಲಲ್ಲಿ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ.

"ಬರೆದೋನು ಯಾವತ್ತೂ ಕುರಿ ಕಾದೋನಲ್ಲ ಬಿಡು" ಎಂದು ನಗುತ್ತಿದ್ದ.

ಈಗ ಆ ಕಥೆ ಸಿನಿಮಾ ಆಗಿದೆ. ಶುಕ್ರವಾರ ಬಿಡುಗಡೆ. ಬುತ್ತಿ ತಂದ ಮೊಮ್ಮಗಳು ಸ್ವಪ್ನ, "ಚಳ್ಳಕೆರೆಗೆ ಹೋಗಾಣ ತಾತ. ಸಿನಿಮಾದಾಗಾದ್ರೂ ಕುರಿ ಸರಿಯಾಗಿ ತೋರ್ಸಿರ್ತಾರಾ?" ಎಂದಳು.

ಪಾತಣ್ಣ ಮಂದೆಯತ್ತ ತಿರುಗಿದ. ಬಿಸಿಲು ನೆತ್ತಿಗೇರಿತ್ತು. ಮಂದೆಯಲ್ಲಿ ಒಂದೇ ಒಂದು ಕುರಿಯೂ ತಲೆ ತಗ್ಗಿಸಿರಲಿಲ್ಲ.