ಮುರಿಯದ ಕಡ್ಡಿ

ಬುಟ್ಟಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಆ ವಾಸನೆಗೆ ಕಾಲು ತಾನಾಗಿಯೇ ನಿಂತಿತು. ಚಂದ ಕಂಡ ಚಿಪ್ಪಿಗೆ ಕೈ ಹಾಕಿದರೆ ಮಾರುವವಳೇ ತಡೆದಳು: "ಕಡ್ಡಿ ಮುರ್ದಂಗ ಹೇಳ್ತೇನ್ರೀ ಕಾಕಾ, ಇವು ಇವತ್ತ ತಿನಬ್ಯಾಡ್ರಿ. ಇನ್ನಾ ಒಗರ ಅವ." ಆದರೂ ಕೊಂಡೆ. ಕಡ್ಡಿಯ ಮಾತು ನೀವೂ ದಿನಾ ಆಡುವಂಥದ್ದೇ. ನಾನು ಮಾತ್ರ ಅದನ್ನು ಕೇಳಿದಾಗಲೆಲ್ಲ ಬೆಚ್ಚುತ್ತೇನೆ.

ನಿಜಾಮರ ಕಾಲದಲ್ಲಿ ನಾನು ಕಲಬುರಗಿ ಅದಾಲತ್ತಿನಲ್ಲಿ ಕೂತು ಒಂದು ವಾರಪತ್ರಿಕೆಗೆ ಬಾತ್ಮಿ ಬರೆಯುತ್ತಿದ್ದೆ. ಹೊಲದ ಬದುವಿನ ತಕರಾರನ್ನು ಯಾರೂ ಓದುತ್ತಿರಲಿಲ್ಲ. ಗಂಡ ಹೆಂಡಿರು ಬಿಡುವ ಖಟ್ಲೆ ಬಂತೆನ್ನಿ, ಬಜಾರಿನಲ್ಲೇ ಹಿಡಿದು "ಮುಂದೇನಾತ್ರೀ?" ಎನ್ನುವರು. ನಾನೋ, "ಎಂಥ ಕಾಲ ಬಂತು" ಎಂದು ಮೊದಲ ಸಾಲಿನಲ್ಲಿ ನಿಟ್ಟುಸಿರು ಬಿಟ್ಟು, ಉಳಿದದ್ದನ್ನು ಚಪ್ಪರಿಸಿಕೊಂಡು ಬರೆಯುತ್ತಿದ್ದೆ. "ಮಂದಿ ಮನಿ ಮುರಿದ್ರ ನಿಮ್ಗ ಹಬ್ಬ" ಎಂದು ನನ್ನಾಕೆ ಬೈಯುವಳು. ಬೈದು, ಪೂರ್ತಿ ಕೇಳಿಸಿಕೊಂಡೇ ಏಳುವಳು.

ನೀಲವ್ವನ ಖಟ್ಲೆ ಬಂದದ್ದು ಆಗ. ಕಮಲಾಪುರದ ಒಕ್ಕಲುತನದ ಮನೆಯವಳು. ಗಂಡ ಬಸಣ್ಣ ಹೊಡೆದು ಬಡಿದು, ಕಡೆಗೆ ಊರ ಹಿರಿಯರ ಮುಂದೆ ಅವಳನ್ನು ಬಿಟ್ಟುಕೊಟ್ಟಿದ್ದ. ಅವಳು ಇನ್ನೊಬ್ಬನ ಕೂಡ ಉಡಿಕಿ ಮಾಡಿಕೊಂಡು ಮತ್ತೆ ಸಂಸಾರ ಹೂಡುತ್ತಾಳೆಂದು ಗೊತ್ತಾದದ್ದೇ ತಡ, "ನಾನು ಬಿಟ್ಟೇ ಇಲ್ಲ, ಹೆಂಡತಿಯನ್ನು ಕಳಿಸಿಕೊಡಿ" ಎಂದು ದಾವೆ ಹಾಕಿದ್ದ. ಸೋತರೆ ಅವಳು ಅದೇ ಮನೆಗೆ ಹೋಗಬೇಕು, ಅದೇ ಕೈಯ ಏಟು ತಿನ್ನಬೇಕು. ಬಸಣ್ಣನ ಭಿಡೆಗೆ ಹಿರಿಯರು ಯಾರೂ ಅವಳ ಪರ ಸಾಕ್ಷಿಗೆ ಬರಲಿಲ್ಲ. ಬಂದವನು ಅವರೊಳಗಿನ ಒಬ್ಬನೇ ಒಬ್ಬ ಮುದುಕ.

"ನಮ್ಮೆಲ್ಲಾರ ಮುಂದ ಬಸಣ್ಣ ಕಡ್ಡಿ ಮುರ್ದಾನ್ರೀ" ಎಂದ ಮುದುಕ.

ಹೈದರಾಬಾದಿನಿಂದ ಬಂದ ಮುನ್ಸಿಫ್ ಸಾಹೇಬರಿಗೆ ಕನ್ನಡ ಬಾರದು. ತರ್ಜುಮೆಯ ಮುನ್ಷಿ ಠೀವಿಯಿಂದ, "ಸಾಫ್ ಸಾಫ್ ಬೋಲ್ ದಿಯಾ ಹುಜೂರ್" ಎಂದ. ಬಿಡಿಸಿ ಹೇಳಿಬಿಟ್ಟ ಅಂತ. ಏನು ಹೇಳಿದ ಎಂದು ಸಾಹೇಬರು ಕೇಳಿದರು.

"ಎಲ್ಲೀ ಹೇಳ್ಯಾನ್ರೀ! ಬಾಯೇ ಬಿಡ್ಲಿಲ್ಲ, ಮಾರಿ ಗಂಟ ಹಾಕ್ಕೊಂಡು ಕುಂತಿದ್ದ."

ಸಾಹೇಬರು ಲೇಖನಿ ಕೆಳಗಿಟ್ಟರು. ಬಿಡಿಸಿ ಹೇಳಿದ ಅಂತೀ, ಬಾಯೇ ಬಿಡಲಿಲ್ಲ ಅಂತೀ, ಸುಳ್ಳುಸಾಕ್ಷಿಗೆ ಜೈಲಿದೆ ಗೊತ್ತೇ ಎಂದು ಗುಡುಗಿದರು. ಪೇಟೆಯಲ್ಲಿ ಬೆಳೆದ ನಾನೂ ಮುನ್ಷಿಯಂತೆಯೇ ತಿಳಿದು, ಮುದುಕ ಕೆಲಸ ಕೆಡಿಸಿದನಲ್ಲಪ್ಪಾ ಎಂದು ಹಣೆ ಚಚ್ಚಿಕೊಂಡೆ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಕಡ್ಡಿರೀ, ಕಡ್ಡಿ!" ಮುದುಕ ಕೂಗಿದ. "ಕೈಲೆ ಮುರ್ದಾನ! ನಮ್ಮ ಮಂದ್ಯಾಗ ಹೇಣ್ತಿನ್ನ ಬಿಡೂದಂದ್ರ ಹಂಗ!"

ಬಸಣ್ಣನ ವಕೀಲ ನಕ್ಕ. ಅಂಥ ಪದ್ಧತಿಯೇ ಇಲ್ಲ, ಕಡ್ಡಿ ಮುರಿದರೆ ಮದುವೆ ಮುರಿದೀತೇ ಎಂದ. "ಇಲ್ರೀ, ಅಂಥಾದ್ದೇನೂ ಇಲ್ಲ" ಎಂದು ಬಸಣ್ಣನೂ ತಲೆಯಾಡಿಸಿದ.

ನೀಲವ್ವ ಸರಸರ ನಡೆದು, ಬಾಗಿಲ ಸಂದಿಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಹಿರಿದಳು. ತಡೆಯಲು ಬಂದ ಚಪರಾಸಿಗೆ ಸಾಹೇಬರು ಕೈಸನ್ನೆ ಮಾಡಿದರು. ಅವಳು ಗಂಡನ ಮುಂದೆ ಅದನ್ನು ಹಿಡಿದಳು.

"ಪದ್ಧತಿ ಇಲ್ಲಂದಿ. ಹಂಗಾರ ಇದು ಬರೇ ಕಡ್ಡಿ. ಮುರಿ ನೋಡೋಣು."

ಬಸಣ್ಣ ಕೈ ಚಾಚಿದ. ಅರ್ಧ ದಾರಿಗೆ ಆ ಕೈ ನಿಂತಿತು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಹೋದವು. "ತೋಡೋ" ಎಂದರು ಸಾಹೇಬರು, ಮುರಿ ಅಂತ. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ.

"ಹ್ಯಾಂಗ ಮುರೀಲ್ರೀ?" ಎಂದುಬಿಟ್ಟ ಬಸಣ್ಣ. "ಮುರಿದ್ರ ಆಕಿ ಹೋಗ್ತಾಳ!"

ಮುನ್ಷಿ ಈ ಸಲ ಒಂದಕ್ಷರವೂ ತಪ್ಪದೆ ಹೇಳಿದ. ನೀಲವ್ವ ಗೆದ್ದಳು.

ಮನೆಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು ನೋಡಿ, ನನ್ನ ಹೆಂಡತಿಗೆ ಒಂದು ಆಯುಧ ಸಿಕ್ಕಿತು. ಜಗಳವಾದಾಗಲೆಲ್ಲ ಒಂದು ಕಡ್ಡಿ ಹಿರಿದು ಮುಂದೆ ಹಿಡಿಯುತ್ತಾಳೆ. ಇವತ್ತೂ ಚೀಲ ನೋಡಿದವಳೇ, "ಕಾಯಿ ತಂದೀರಲ್ರೀ! ನಿಮ್ಮ ಕೂಡ ಏಗಿ ಸಾಕಾಗ್ಯದ. ಹಿಡೀರಿ, ಮುರೀರಿ" ಎಂದಳು. ನಗುತ್ತಲೇ ಅಂದಳು. ಆದರೆ ಮುಪ್ಪಿಗೆ ಕೈ ನಡುಗಿ, ಕಡ್ಡಿಯ ತುದಿ ಅಲ್ಲಾಡುತ್ತಿತ್ತು. ನೀಲವ್ವನ ಕೈಯಲ್ಲೂ ಅದು ಹೀಗೇ ಅಲ್ಲಾಡಿತ್ತು. ಇಷ್ಟು ವರ್ಷ ಬಸಣ್ಣನ ಕೈ ಹಿಂದೆ ಹೋದದ್ದನ್ನೇ ಹೇಳಿ ಮಂದಿಯನ್ನು ನಗಿಸಿದ್ದೇನೆ. ಅವಳ ಕೈ ನೆನಪಾದದ್ದು ಇವತ್ತೇ. ನನಗೆ ನಗು ಬರಲಿಲ್ಲ, ಅಂಜಿಕೆಯಾಯಿತು. ಹೆಂಡತಿ ಆ ಕಡ್ಡಿಯನ್ನು ಕಸಬರಿಗೆಗೆ ಮತ್ತೆ ಸಿಗಿಸುವವರೆಗೆ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ.