ಮಧ್ಯಾಹ್ನದ ಮೇಲೆ ನೀರು ಬಿಟ್ಟವರು

ಹಳಿಯಾಳದ ಕಾಲೇಜಿನಲ್ಲಿ ಕುಸ್ತಿ ಆಡುತ್ತಿದ್ದ ಮೂರು ವರ್ಷ ನಾನು ಮಧ್ಯಾಹ್ನ ಹನ್ನೆರಡರ ಮೇಲೆ ನೀರು ಕುಡಿದದ್ದೇ ಕಡಿಮೆ. ಅಭ್ಯಾಸದ ಹಾಲ್ ಪಕ್ಕದಲ್ಲಿದ್ದ ಹೆಣ್ಣುಮಕ್ಕಳ ಪಾಯಖಾನೆಗೆ ಸದಾ ಬೀಗ. ಬೀಗದ ಕೈ ಆಫೀಸಿನಲ್ಲಿ. ಆಫೀಸು ಐದಕ್ಕೆ ಮುಚ್ಚುತ್ತಿತ್ತು, ನಮ್ಮ ಅಭ್ಯಾಸ ಶುರುವಾಗುತ್ತಿದ್ದುದೂ ಐದಕ್ಕೇ. ಏಳರ ತನಕ ಬೆವರು ಸುರಿಸಿ, ಬಸ್ಸು ಹಿಡಿದು, ದಾಂಡೇಲಿಯಲ್ಲಿ ಅಪ್ಪನ ಮಿಲ್ಲಿನ ಕ್ವಾರ್ಟರ್ಸ್ ಮುಟ್ಟಿದ ಮೇಲೆಯೇ ನಾನು ನೀರಿನ ತಂಬಿಗೆ ಬಾಯಿಗೆ ಎತ್ತುತ್ತಿದ್ದೆ. ಮೂತ್ರ ಉರಿಯುತ್ತಿತ್ತು. ಅವ್ವನಿಗೂ ಹೇಳಿರಲಿಲ್ಲ.

ನಮ್ಮ ಕುಸ್ತಿ ಸರ್ ಇದನ್ನು ಶಿಸ್ತು ಎಂದು ತಿಳಿದಿದ್ದರು. ಹುಡುಗರು ನಡುವೆ ನಲ್ಲಿಗೆ ಓಡಿದರೆ ನಮ್ಮನ್ನು ತೋರಿಸುತ್ತಿದ್ದರು. "ನೋಡ್ರಲೇ, ಹುಡಿಗ್ಯಾರು ಒಂದ್ ಗುಟುಕು ಕುಡಿಯಂಗಿಲ್ಲ. ಮನಸ್ಸು ಗಟ್ಟಿ ಅಂದ್ರ ಇದು." ಆ ಹೊಗಳಿಕೆ ನನಗೆ ಹಿತವಾಗಿತ್ತು. ಅದನ್ನೂ ಮುಚ್ಚಿಡಲಾರೆ.

ನನ್ನ ಜೊತೆ ದಿನವೂ ಕುಸ್ತಿ ಹಿಡಿಯುತ್ತಿದ್ದವಳು ಜೋಯಿಡಾ ಕಡೆಯ ಸಿದ್ದಿ ಹುಡುಗಿ. ಹತ್ತು ಸಲ ಹಿಡಿದರೆ ಎಂಟು ಸಲ ನಾನೇ ಕೆಳಗೆ. ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಅವಳ ತೂಕದ ವರ್ಗದಲ್ಲಿ ಸರ್ ಅವರ ತಂಗಿಯ ಮಗಳೂ ಇದ್ದಳು; ವರ್ಗಕ್ಕೆ ಒಬ್ಬರಿಗೇ ಜಾಗ. "ನೀ ಒಂದ್ ತೂಕ ಕೆಳಗ ಇಳಿ" ಎಂದು ಸರ್ ನನ್ನ ಗೆಳತಿಗೆ ಹೇಳಿದರು. ಆ ಕೆಳಗಿನ ತೂಕ ನನ್ನದು.

"ತೂಕ ಇಳಿಸಾಕ ಎರಡ್ ದಿನಾ ನೀರು ಬಿಟ್ರ ಏನರೆ ಆಗತೈತೇನ್ರಿ ಸರ್?" ಎಂದು ಅವಳು ಕೇಳಿದಳು.

"ನಿಮ್ಮ ಮಂದಿಗೆ ಏನಾಗತೈತಿ? ಕಾಡಿನ್ಯಾಗ ಬೆಳದವರು, ತಡೀತೀರಿ."

ಅವಳ ಮುಖ ಬಿಗಿಯಿತು. ಪಕ್ಕದಲ್ಲೇ ನಿಂತಿದ್ದ ನಾನು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದೆ.

ಏಪ್ರಿಲ್ ಬಿಸಿಲಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಅವಳು ಮೈದಾನ ಸುತ್ತಿದಳು. ಆಯ್ಕೆಯ ದಿನ ಬೆಳಿಗ್ಗೆ ತೂಕಕ್ಕೆ ನಿಂತಾಗ ತುಟಿ ಬಿರಿದಿದ್ದವು, ಕಣ್ಣು ಒಳಗೆ ಹೋಗಿದ್ದವು. ತೂಕ ಸರಿ ಬಂತು, ಸರ್ ಬೆನ್ನು ತಟ್ಟಿದರು. ಗಂಟೆಯೊಳಗೆ ನಾವಿಬ್ಬರೂ ಮ್ಯಾಟ್ ಮೇಲೆ ಎದುರಾದೆವು.

ಮೊದಲ ಸುತ್ತಿನಲ್ಲಿ ಅವಳೇ ಮುಂದಿದ್ದಳು. ಎರಡನೆಯದರಲ್ಲಿ ಅವಳ ಎಡಗಾಲು ಹಿಡಿದೆ. ಮೀನಖಂಡ ಕಲ್ಲಿನಂತೆ ಸೆಟೆದಿತ್ತು. "ತಡೀ, ಕಾಲು ಹಿಡದೈತಿ" ಎಂದು ಕಿವಿಯ ಹತ್ತಿರ ಅಂದಳು. ನಾನು ಅದೇ ಕಾಲನ್ನು ಎಳೆದು ಕೆಡವಿದೆ. ಚಪ್ಪಾಳೆ ಬಿತ್ತು. ಅವಳು ಏಳಲಿಲ್ಲ.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದ ಡಾಕ್ಟರು, ಕಡೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಕೇಳಿದರು. "ನಿನ್ನೆ ಮುಂಜಾನೆ" ಎಂದಳು. "ಕಾಲೇಜ್ ಕಲೀತೀರಿ, ಇಷ್ಟೂ ತಿಳಿಯಂಗಿಲ್ಲೇನು?" ಎಂದು ಅವರು ಅವಳನ್ನೇ ಬೈದರು. ಬಾಗಿಲಲ್ಲಿದ್ದ ಸರ್ ಹೌದೆಂದು ತಲೆಯಾಡಿಸಿದರು.

ಅವಳು ಊರಿಗೆ ಹೋದವಳು ಮತ್ತೆ ಮ್ಯಾಟ್ ಹತ್ತಲಿಲ್ಲ. ನಾನು ತಂಡದಲ್ಲಿ ಹೋಗಿ ಮೊದಲ ಕುಸ್ತಿಯಲ್ಲೇ ಸೋತು ಬಂದೆ. ಆದರೂ ತಂಡದಲ್ಲಿ ಆಡಿದ ಸರ್ಟಿಫಿಕೇಟ್ ಕ್ರೀಡಾ ಕೋಟಾದಲ್ಲಿ ನನಗೊಂದು ಕೆಲಸ ಕೊಡಿಸಿತು.

ಹೋದ ವರ್ಷ ಗಣೇಶಗುಡಿಯ ಹೋಂಸ್ಟೇ ಒಂದರಲ್ಲಿ ಅವಳು ಸಿಕ್ಕಳು. ಅಲ್ಲಿ ಅಡುಗೆ ಮಾಡುತ್ತಾಳೆ. ಊಟ ಬಡಿಸಿ, ನಾವಿಬ್ಬರೇ ಉಳಿದಾಗ ಕೇಳಿದಳು:

"ಅವತ್ತ ನಾ ತಡಿ ಅಂದದ್ದು ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು."

"ಕೇಳಿಸಿರಲಿಕ್ಕಿಲ್ಲ ಅಂತ ಇಷ್ಟ್ ವರ್ಷ ಅನ್ಕೊಂಡಿದ್ದೆ ನೋಡು" ಎಂದಳು. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.